ಕಥೆಯ ಗುಟ್ಟೂ ಅದರ ಗಡುವೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ಊರುಗಳ ಸೀಮೆಯೊಳಗೆ ವಳಕಮದಿನ್ನಿಯೆಂಬ ಗ್ರಾಮವೊಂದಿದೆ. ದಿನ್ನಿಯೆಂದರೆ ಎತ್ತರದ ನೆಲ, ದಿಬ್ಬ. ಈ ಪದವನ್ನು ಹೆಸರಿನಲ್ಲಿ ಹೊತ್ತ ಊರುಗಳು ನಮ್ಮ ರಾಯಚೂರು ಜಿಲ್ಲೆಯಲ್ಲಿ ಹಲವಿರುವುದು ವಾಚಕರಿಗೆ ವಿದಿತವೇ ಆಗಿದೆ. ಈ ಗ್ರಾಮದಲ್ಲಿ ನಮ್ಮ ಬಂಧುವರ್ಗಕ್ಕೆ ಸೇರಿದ ವೃದ್ಧೆಯೊಬ್ಬರಿದ್ದಾರೆ. ಓದುಬರಹವನ್ನು ಕಲಿತವರಲ್ಲ, ಆದರೆ ಎಳವೆಯಿಂದಲೂ ಪುರಾಣಪ್ರವಚನಗಳನ್ನು ಕೇಳಿ ಕೇಳಿ, ಕಥೆಯೆಂಬುದರ ಒಳಹೊರಗುಗಳನ್ನು ಚೆನ್ನಾಗಿ ಬಲ್ಲವರು. ಹೊಲಮನೆಗಳ ಕೆಲಸವನ್ನು ಸೊಸೆಯರಿಗೆ ಒಪ್ಪಿಸಿದ ಮೇಲೆ, ಸಾಯಂಕಾಲ ದೀಪ ಹಚ್ಚಿ, ಟೆಲಿವಿಷನ್ ಪೆಟ್ಟಿಗೆಯ ಮುಂದೆ ಕುಳಿತು ಧಾರಾವಾಹಿಯೊಂದನ್ನು ನೋಡುವುದು ಅವರಿಗೆ ನಿತ್ಯವಿಧಿಯಾಗಿತ್ತು.

ಆ ಧಾರಾವಾಹಿಯಲ್ಲಿ ದೊಡ್ಡ ಮನೆತನದೊಳಗೆ ಬೆಳೆಯುತ್ತಿರುವ ಹುಡುಗನೊಬ್ಬನಿದ್ದನು. ಅವನ ಹೆತ್ತ ತಾಯಿ ಯಾರೆಂಬುದು ಕಥೆಯ ಗುಟ್ಟು. ಅದನ್ನು ಬಲ್ಲ ಮುದುಕನೊಬ್ಬನು ವಾರಕ್ಕೊಮ್ಮೆಯಾದರೂ ಹೇಳಲೆಂದು ಬಾಯಿ ತೆರೆಯುವನು. ಕೂಡಲೆ ಮೂರ್ಛೆಹೋಗುವನು, ಇಲ್ಲವೆ ಬಾಗಿಲಲ್ಲಿ ಯಾರಾದರೂ ಬಂದು ನಿಲ್ಲುವರು. ಹೀಗೆ ಎರಡು ವರ್ಷಗಳು ಕಳೆದು ಮೂರನೆಯದು ನಡೆಯುತ್ತಿರುವಾಗ ನಾನು ಅಲ್ಲಿಗೆ ಹೋಗಿದ್ದೆನು. ಅಂದೂ ಮುದುಕನು ಬಾಯಿ ತೆರೆದನು, ಅಂದೂ ಹೇಳಲಿಲ್ಲ. ವೃದ್ಧೆಯು ಪೆಟ್ಟಿಗೆಯ ಕಡೆಗೆ ಕೈತೋರಿಸಿ, "ಈ ಮನಿಷಾ ಬಾಯಿ ತೆಗೆದ್ರ ಸಾಕು, ಒಂದ ಸಿಡ್ಲರ ಬಡೀತೈತಿ, ಒಂದ ಫೋನರ ಬರ್ತೈತಿ. ಹೇಳೂದ ಇಲ್ಲಂದ್ರ ನಮ್ಮನ್ನ ಯಾಕ ಕುಂದ್ರಿಸ್ಯಾರ?" ಎಂದರು. ನಾವೆಲ್ಲರೂ ನಕ್ಕೆವು. ಅವರು ಮಾತ್ರ ನಗಲಿಲ್ಲ.

ಕೆಲವು ತಿಂಗಳ ತರುವಾಯ ಆ ಧಾರಾವಾಹಿಯು ಇದ್ದಕ್ಕಿದ್ದಂತೆ ಮುಗಿದುಹೋಯಿತು. ಕೊನೆಯ ದಿನ ಮದುವೆಯೊಂದು ನಡೆದು, ಎಲ್ಲರೂ ಸಾಲಾಗಿ ನಿಂತು ಮುಗುಳ್ನಕ್ಕರು. ಹುಡುಗನ ತಾಯಿ ಯಾರೆಂಬುದನ್ನು ಯಾರೂ ಹೇಳಲಿಲ್ಲ. ಮರುದಿನ ಅದೇ ಹೊತ್ತಿಗೆ ಬೇರೊಂದು ಮನೆ, ಬೇರೊಂದು ಗುಟ್ಟು ಆರಂಭವಾಯಿತು. ವೃದ್ಧೆಯು ಅಂದಿನಿಂದ ಆ ಹೊತ್ತಿನಲ್ಲಿ ಪೆಟ್ಟಿಗೆಯ ಮುಂದೆ ಕೂಡ್ರುವುದನ್ನು ಬಿಟ್ಟರು. ತಮ್ಮ ಇಳಿವಯಸ್ಸಿನ ಸಾವಿರ ಸಂಜೆಗಳಲ್ಲಿ ಬಹುಪಾಲನ್ನು ಅವರು ಆ ಕಥೆಗೆ ಕೊಟ್ಟಿದ್ದರೆಂಬುದನ್ನು ನೆನೆದಾಗ, ನಾವು ನಕ್ಕ ನಗುವು ನನಗೇ ಸರಿದೋರಲಿಲ್ಲ.

ಇದು ಒಬ್ಬ ಮುದುಕಿಯ ಗೊಣಗಾಟವಲ್ಲ. ಇಂದು ಪ್ರತಿ ಮನೆಯಲ್ಲಿಯೂ ಕೇಳಿಬರುವ ದೂರು. ಆದರೆ ಇದರಲ್ಲಿ ವಿಚಾರಾರ್ಹವಾದ ಸಂಗತಿಯೊಂದಿದೆ. ಇದೇ ವೃದ್ಧೆಯು ಕರ್ಣನ ಕಥೆಯನ್ನು ಎಷ್ಟೋ ಸಲ ಕೇಳಿರುವರು. ಅಲ್ಲಿಯೂ ತಾಯಿ ಯಾರೆಂಬುದೇ ಗುಟ್ಟು; ಅಲ್ಲಿಯೂ ಬಲ್ಲವರು ಬಾಯಿಬಿಡುವುದಿಲ್ಲ. ಆ ಕಥೆಯು ಪ್ರತಿಸಲವೂ ಅವರ ಕಣ್ಣಲ್ಲಿ ನೀರು ತರಿಸುವುದೇ ಹೊರತು ಸಿಟ್ಟನ್ನು ತರಿಸುವುದಿಲ್ಲ. ಹಾಗಾದರೆ ಗುಟ್ಟನ್ನು ಕಾಯ್ದಿಡುವುದು ತಪ್ಪಲ್ಲ. ಕಾಯ್ದಿಡುವ ರೀತಿಯಲ್ಲಿ ತಪ್ಪಿರಬೇಕು. ಅದು ಯಾವುದು, ಎಂದಿನಿಂದ ಬಂದಿತು ಎಂಬುದನ್ನು ನಮ್ಮ ನಾಡಿನ ಕಥಾಚರಿತ್ರೆಯ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಗುಟ್ಟಿನ ಕಥೆಗಳಲ್ಲಿ ನಮ್ಮ ಜನಕ್ಕೆ ಅತ್ಯಂತ ಪರಿಚಿತವಾದುದು ವಿರಾಟಪರ್ವ. ಮಳೆ ಹಿಂದೆಗೆದಾಗ ಊರವರು ಕೂಡಿ ವಿರಾಟಪರ್ವವನ್ನು ಓದಿಸುವ ವಾಡಿಕೆ ಕನ್ನಡನಾಡಿನಲ್ಲಿ ಬಹುಕಾಲದ್ದು. ಆ ಪರ್ವದ ಜೀವವೇ ಗುಟ್ಟು. ಧರ್ಮರಾಯನು ಕಂಕಭಟ್ಟನಾಗಿ, ಭೀಮನು ವಲಲನಾಗಿ, ಅರ್ಜುನನು ಬೃಹನ್ನಳೆಯಾಗಿ, ದ್ರೌಪದಿಯು ಸೈರಂಧ್ರಿಯಾಗಿ ವಿರಾಟನ ಮನೆಯಲ್ಲಿ ಅಡಗಿರುವರು. ವಿರಾಟನಿಗೆ ತಿಳಿಯದು, ಕೀಚಕನಿಗೆ ತಿಳಿಯದು, ಚಾರರನ್ನು ಅಟ್ಟಿದ ದುರ್ಯೋಧನನಿಗೂ ತಿಳಿಯದು. ಆದರೆ ಕೇಳುವ ನಮಗೆ ಎಲ್ಲವೂ ತಿಳಿದಿದೆ. ನಮ್ಮನ್ನು ಕವಿಯು ಗುಟ್ಟಿನ ಹೊರಗೆ ನಿಲ್ಲಿಸದೆ ಪಾಂಡವರ ಜತೆಗೆ ಒಳಗೆ ಕೂಡ್ರಿಸಿದ್ದಾನೆ; ಆದುದರಿಂದಲೇ ಕಂಕಭಟ್ಟನ ಮುಖಕ್ಕೆ ವಿರಾಟನು ದಾಳವನ್ನೆಸೆದಾಗ ನಮ್ಮ ಎದೆ ನಡುಗುವುದು. ಇನ್ನೊಂದು ವಿಶೇಷವೆಂದರೆ, ಆ ಗುಟ್ಟಿಗೆ ಗಡುವು ಉಂಟು. ಅಜ್ಞಾತವಾಸವು ಒಂದು ವರ್ಷ. ಒಂದು ದಿನ ಹೆಚ್ಚಲ್ಲ, ಒಂದು ದಿನ ಕಡಿಮೆಯಲ್ಲ. ಅವಧಿ ತೀರಿದ ಕೂಡಲೆ ಬನ್ನಿಯ ಮರದಿಂದ ಆಯುಧಗಳು ಇಳಿಯುವುವು, ಬೃಹನ್ನಳೆಯು ಅರ್ಜುನನಾಗುವನು. ಹದಿನೈದನೆಯ ಶತಮಾನದಲ್ಲಿ ಕುಮಾರವ್ಯಾಸನು ಈ ಕಥೆಯನ್ನು ಭಾಮಿನಿಯಲ್ಲಿ ಹಾಡಿದಂದಿನಿಂದ ಇಂದಿನವರೆಗೆ ಯಾರೂ ಅದರ ವಿಷಯದಲ್ಲಿ "ಇನ್ನೂ ಎಷ್ಟು ಎಳೆಯುವಿರಿ" ಎಂದವರಿಲ್ಲ.

ಕರ್ಣನ ಗುಟ್ಟು ಇದಕ್ಕಿಂತ ಗಾಢವಾದುದು. ಏಕೆಂದರೆ ಅದಕ್ಕೆ ಗಡುವಿಲ್ಲ. ಕ್ರಿ. ಶ. ೯೪೧ರಲ್ಲಿ ರಚಿತವಾದ ಪಂಪನ ವಿಕ್ರಮಾರ್ಜುನವಿಜಯದಲ್ಲಿಯೂ, ಮುಂದಿನ ಭಾರತಗಳಲ್ಲಿಯೂ ಕುಂತಿಯು ಮಗುವನ್ನು ನೀರಿಗೆ ಬಿಟ್ಟ ಸಂಗತಿಯನ್ನು ಕವಿಯು ಮೊದಲೇ ನಮಗೆ ಹೇಳಿಬಿಡುವನು. ಯುದ್ಧದ ಹೊಸ್ತಿಲಲ್ಲಿ ಕೃಷ್ಣನೂ ಕುಂತಿಯೂ ಕರ್ಣನಿಗೆ ಹೇಳುವರು. ತಮ್ಮಂದಿರಿಗೆ ಮಾತ್ರ ತಿಳಿಯದು. ವ್ಯಾಸಭಾರತದಲ್ಲಿ ಯುದ್ಧ ಮುಗಿದು, ಸತ್ತವರಿಗೆ ತರ್ಪಣ ಬಿಡುವ ಹೊತ್ತಿನಲ್ಲಿ ಕುಂತಿಯು ಧರ್ಮರಾಯನಿಗೆ ಅದನ್ನು ಹೇಳುವಳು. ಆಗ ಅವನು ಪಡುವ ವ್ಯಥೆಯೂ ಕೋಪವೂ ಸಾಮಾನ್ಯವಲ್ಲ. ಇನ್ನು ಮುಂದೆ ಹೆಂಗಸರಲ್ಲಿ ಗುಟ್ಟು ನಿಲ್ಲದಿರಲೆಂದು ಶಪಿಸಿಬಿಡುವನು. ಗುಟ್ಟನ್ನು ಅತಿಯಾಗಿ ತಡೆದಿಟ್ಟುದರ ಮೇಲಣ ದೂರು ಹೀಗೆ ಭಾರತದೊಳಗೇ ದಾಖಲಾಗಿದೆ. ಆ ಶಾಪವು ನಮ್ಮ ಧಾರಾವಾಹಿಗಳ ನಾಯಿಕೆಯರಿಗೆ ಈವರೆಗೆ ತಟ್ಟಿದಂತೆ ಕಾಣುವುದಿಲ್ಲ! ಅದು ಹಾಗಿರಲಿ. ಇಲ್ಲಿ ಗಮನಿಸಬೇಕಾದುದೇನೆಂದರೆ, ಕುಂತಿಯ ಮೌನಕ್ಕೆ ಬೆಲೆಯುಂಟು. ಆಕೆ ಸುಮ್ಮನಿದ್ದುದರಿಂದ ಅಣ್ಣನನ್ನು ತಮ್ಮನು ಕೊಂದನು. ಮೌನವೇ ಕಥೆಯನ್ನು ಮುಂದಕ್ಕೆ ನಡೆಯಿಸಿತು. ಕಥೆಯನ್ನು ನಿಂತಲ್ಲೇ ನಿಲ್ಲಿಸಲಿಲ್ಲ.

ಕೇಳುವವನಿಂದಲೂ ಗುಟ್ಟನ್ನು ಮರೆಮಾಡಿದ ಕಥೆ ನಮ್ಮಲ್ಲಿ ಇಲ್ಲವೇ ಎಂದರೆ, ಅದೂ ಉಂಟು. ಕ್ರಿ. ಶ. ೧೨೦೯ರಲ್ಲಿ ಜನ್ನನು ಬರೆದ ಯಶೋಧರಚರಿತೆಯ ಆರಂಭದಲ್ಲಿ ಚಂಡಮಾರಿಯ ಗುಡಿಗೆ ಬಲಿಗಾಗಿ ಬಾಲಕನೊಬ್ಬನನ್ನೂ ಬಾಲಕಿಯೊಬ್ಬಳನ್ನೂ ಹಿಡಿದು ತರುವರು. ಸಾವಿನ ಮುಂದೆ ಆ ಎಳೆಯರು ಅಳುಕದೆ ನಿಲ್ಲುವರು. ಇವರಾರು, ಇವರಿಗೆ ಈ ಧೈರ್ಯವೆಲ್ಲಿಯದು ಎಂದು ಬಲಿ ಕೊಡಬಂದ ಅರಸನಿಗೆ ಅಚ್ಚರಿಯಾಗುವುದು, ನಮಗೂ ಆಗುವುದು. ಆಗ ಅಭಯರುಚಿಯು ತನ್ನ ಜನ್ಮಾಂತರಗಳ ಕಥೆಯನ್ನು ಹೇಳತೊಡಗುವನು. ಯಶೋಧರನೆಂಬ ದೊರೆ, ಅವನ ತಾಯಿ ಚಂದ್ರಮತಿ, ಹಿಟ್ಟಿನ ಕೋಳಿಯ ಬಲಿ, ಅದರಿಂದೊದಗಿದ ಹೀನಜನ್ಮಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತ, ಎದುರಿಗೆ ನಿಂತ ಈ ಬಾಲಕರೇ ಆ ತಾಯಿಮಕ್ಕಳೆಂಬುದು ಗೊತ್ತಾಗುವುದು. ಕೇಳಿದ ಅರಸನ ಕೈಯ ಕತ್ತಿ ಕೆಳಗಿಳಿಯುವುದು. ಕಾವ್ಯವು ನಾಲ್ಕು ಅವತಾರಗಳಲ್ಲಿ, ಮುನ್ನೂರು ಚಿಲ್ಲರೆ ಪದ್ಯಗಳಲ್ಲಿ ಮುಗಿಯುವುದು. ಒಂದು ಪ್ರಶ್ನೆಯನ್ನು ಕೇಳಿ, ಅದನ್ನು ಮರೆಯಲು ಬಿಡದೆ, ಒಂದೇ ಕುಳಿತಲ್ಲಿ ಉತ್ತರವನ್ನು ಕೊಟ್ಟ ಕಥೆಯಿದು.

ಭರತನ ನಾಟ್ಯಶಾಸ್ತ್ರದಲ್ಲಿ ನಾಟಕದ ಕಥೆಗೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು ಹೇಳಿದೆ. ಮೊದಲು ಬಿತ್ತಿದ ಬೀಜವು ಗರ್ಭಸಂಧಿಯಲ್ಲಿ ಕೈಗೆ ಸಿಕ್ಕಂತಾಗಿ ತಪ್ಪುವುದು, ಮತ್ತೆ ಅದನ್ನು ಅರಸಬೇಕಾಗುವುದು, ವಿಮರ್ಶಸಂಧಿಯಲ್ಲಿ ವಿಘ್ನಗಳೊದಗುವುವು, ನಿರ್ವಹಣದಲ್ಲಿ ಎಲ್ಲ ಎಳೆಗಳೂ ಒಂದುಗೂಡುವುವು. ಸಿಕ್ಕಂತಾಗಿ ತಪ್ಪುವುದೂ ಶಾಸ್ತ್ರಸಮ್ಮತವೇ ಎಂಬುದನ್ನು ವಾಚಕರು ಲಕ್ಷಿಸಬೇಕು. ಆದರೆ ಗರ್ಭದಲ್ಲಿಯೇ ವರ್ಷಗಟ್ಟಲೆ ನಿಂತು ನಿರ್ವಹಣಕ್ಕೆ ಬಾರದಿರುವ ಕಥೆಯನ್ನು ಯಾವ ಶಾಸ್ತ್ರಕಾರನೂ ಎಣಿಸಿರಲಿಲ್ಲ.

ಕಂತುಕಂತಾಗಿ ಕಥೆ ಕೇಳುವುದು ನಮ್ಮ ಸೀಮೆಗೆ ಹೊಸದೆಂದೂ ಹೇಳುವಂತಿಲ್ಲ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಸಿದ್ಧಪರ್ವತದಲ್ಲಿ ತಪಸ್ಸು ಮಾಡಿದ ಚಿದಾನಂದಾವಧೂತರು ಭಾಮಿನೀಷಟ್ಪದಿಯಲ್ಲಿ ರಚಿಸಿದ ದೇವೀಪುರಾಣವನ್ನು ನವರಾತ್ರಿಯ ದಿನಗಳಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಓದಿ ಅರ್ಥ ಹೇಳುವರು. ಶ್ರಾವಣದಲ್ಲಿ ಮಠಗಳಲ್ಲಿ ತಿಂಗಳುದ್ದ ಶರಣರ ಪುರಾಣ ನಡೆಯುವುದು. ಇವೆಲ್ಲ ಧಾರಾವಾಹಿಗಳೇ. ಇಂದಿನ ಅಧ್ಯಾಯವು ಕುತೂಹಲದ ಸ್ಥಳದಲ್ಲಿ ನಿಲ್ಲುವುದೂ ಉಂಟು. ಕೇಳಿದವರು ನಾಳೆ ಏನಾಗುವುದೆಂದು ಮಾತಾಡಿಕೊಳ್ಳುತ್ತ ಮನೆಗೆ ಹೋಗುವುದೂ ಉಂಟು. ಆದರೆ ಪುರಾಣ ಹಚ್ಚಿದ ದಿನವೇ ಮಂಗಲದ ದಿನವೂ ಗೊತ್ತಾಗಿರುವುದು. ದೊಡ್ಡಾಟವಾದರೂ ಹಾಗೆಯೇ, ರಾತ್ರಿಯೆಲ್ಲ ಎಷ್ಟು ಎಳೆದರೂ ಬೆಳಗಿನ ಜಾವಕ್ಕೆ ಮಂಗಲವಾಗಲೇಬೇಕು. ಸೂರ್ಯನು ಭಾಗವತನ ಮಾತನ್ನು ಕೇಳುವವನಲ್ಲ.

ಅಚ್ಚಿನ ಯುಗವು ಬಂದಮೇಲೆ ಕಥೆಯು ತಿಂಗಳ ಪತ್ರಿಕೆಯನ್ನು ಹತ್ತಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗಳಗನಾಥರು ಅಗಡಿಯ ಆನಂದವನದ ಸದ್ಬೋಧಚಂದ್ರಿಕೆಯ ಮೂಲಕ ಕಾದಂಬರಿಯ ರುಚಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ಓದುಗನು ಒಂದು ತಿಂಗಳು ಕಾಯುತ್ತಿದ್ದನು. ಆದರೆ ಬರೆಯುವವರ ಮುಂದೆ ಪುಸ್ತಕವೆಂಬ ಗುರಿಯಿತ್ತು, ಕಂತುಗಳೆಲ್ಲ ಕೂಡಿ ಒಂದು ಗ್ರಂಥವಾಗಬೇಕಿತ್ತು. ೧೯೫೦ರ ದಶಕದಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಕನ್ನಡಿಗರಿಗೆ ಗುಟ್ಟಿನ ಹುಚ್ಚನ್ನು ಹಿಡಿಸಿದನು. ಓದು ಬಾರದವರು ಕೂಡ ಆ ಪುಸ್ತಕಗಳಿಗಾಗಿ ಅಕ್ಷರ ಕಲಿತರೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಅಲ್ಲಿ ಕೊಲೆಗಾರನಾರೆಂಬುದು ಕಡೆಯ ಪುಟದವರೆಗೆ ತಿಳಿಯದಿದ್ದರೂ ಕಡೆಯ ಪುಟವೆಂಬುದೊಂದು ಇತ್ತು; ಕೈಯಲ್ಲಿ ಹಿಡಿದ ಪುಸ್ತಕದ ದಪ್ಪವೇ ಗುಟ್ಟಿನ ಗಡುವನ್ನು ಹೇಳುತ್ತಿತ್ತು.

ಇನ್ನು ಟೆಲಿವಿಷನ್ನಿನ ಚರಿತ್ರೆಗೆ ಬರೋಣ. ಈ ಚರಿತ್ರೆಯಲ್ಲಿ ನಮ್ಮ ಜಿಲ್ಲೆಗೆ ದೊರೆತ ಸ್ಥಾನವನ್ನು ಅನೇಕರು ಮರೆತಿದ್ದಾರೆ. ೧೯೭೫ನೆಯ ಇಸವಿಯ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಭಾರತದ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ಟೆಲಿವಿಷನ್ನಿನ ಮೂಲಕ ಶಿಕ್ಷಣ ಕೊಡುವ ಪ್ರಯೋಗವು ನಡೆಯಿತು. ಅದನ್ನು 'ಸೈಟ್' ಎಂದು ಕರೆದರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದವು ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳು. ಬೆಂಗಳೂರಿನವರು ತಮ್ಮ ಊರಿನ ಕೇಂದ್ರದ ಪ್ರಸಾರವನ್ನು ನೋಡಿದ್ದು ೧೯೮೧ರ ನವೆಂಬರಿನಲ್ಲಿ. ನಮ್ಮ ಕೆಲವು ಹಳ್ಳಿಗಳ ಜನ ಅದಕ್ಕೆ ಆರು ವರ್ಷ ಮೊದಲೇ ತಂತಿಬಲೆಯ ದೊಡ್ಡ ಛತ್ರಿಯ ಕೆಳಗೆ ನೆರೆದು ನೋಡಿದ್ದರು. ಆಗ ತೋರಿಸಿದ್ದು ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಪೆಟ್ಟಿಗೆಯು ಅಂದು ತನಗೆ ತಿಳಿದುದನ್ನೆಲ್ಲ ಹೇಳಿಬಿಡುವ ಉಪಾಧ್ಯಾಯನಂತಿತ್ತು. ಗುಟ್ಟುಗಳನ್ನು ಅದು ಇನ್ನೂ ಕಲಿತಿರಲಿಲ್ಲ. ೧೯೭೭ರಲ್ಲಿ ಗುಲಬರ್ಗಾದಲ್ಲಿ ಪ್ರಸಾರಕೇಂದ್ರವು ತೆರೆದು ಈ ಪರಂಪರೆಯನ್ನು ಮುಂದುವರಿಸಿತು.

ಧಾರಾವಾಹಿಯು ಭಾರತಕ್ಕೆ ಬಂದುದು ೧೯೮೪ರ ಜುಲೈಯಲ್ಲಿ, 'ಹಮ್ ಲೋಗ್' ಎಂಬ ಹಿಂದಿ ಕಥೆಯ ರೂಪದಲ್ಲಿ. ಪ್ರತಿಯೊಂದು ಕಂತಿನ ಕೊನೆಯಲ್ಲಿ ನಟ ಅಶೋಕಕುಮಾರರು ಬಂದು ಅಂದಿನ ಕಥೆಯ ಮೇಲೆ ಎರಡು ಮಾತಾಡುತ್ತಿದ್ದರು. ಅದು ೧೯೮೫ರ ಡಿಸೆಂಬರಿನಲ್ಲಿ ಮುಗಿಯಿತು. ಅದೇ ದಶಕದಲ್ಲಿ ಶಂಕರನಾಗರು ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಬಂದಿತು. ಅದರ ಹೆಚ್ಚಿನ ಕಥೆಗಳು ಆ ದಿನವೇ ಆರಂಭವಾಗಿ ಆ ದಿನವೇ ಮುಗಿಯುತ್ತಿದ್ದವು. ೧೯೮೭ರ ಜನವರಿಯಿಂದ ರಾಮಾಯಣವೂ, ೧೯೮೮ರ ಅಕ್ಟೋಬರಿನಿಂದ ಮಹಾಭಾರತವೂ ಪ್ರಸಾರವಾದಾಗ ಭಾನುವಾರದ ಬೆಳಗ್ಗೆ ಬೀದಿಗಳು ಬರಿದಾಗುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಅಲ್ಲಿ ಗುಟ್ಟೇನಿತ್ತು? ರಾವಣನು ಸಾಯುವನೆಂಬುದು ಮಕ್ಕಳಿಗೂ ಗೊತ್ತಿತ್ತು. ಮೂವತ್ತಮೂರು ವರ್ಷಗಳ ತರುವಾಯ, ೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಜನರೆಲ್ಲ ಮನೆಯೊಳಗೆ ಕುಳಿತಾಗ ಅದೇ ರಾಮಾಯಣವನ್ನು ಮತ್ತೆ ಪ್ರಸಾರಮಾಡಿದರು. ಜನರು ಮತ್ತೆ ನೋಡಿದರು. ಕಥೆಯ ಕೊನೆಯನ್ನು ಮುಚ್ಚಿಡದಿದ್ದರೆ ಪ್ರೇಕ್ಷಕನು ಎದ್ದುಹೋಗುವನೆಂಬ ಭಯವು ನಿರಾಧಾರವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಕಿಲ್ಲ.

೧೯೯೪ರಲ್ಲಿ ಉದಯ, ೨೦೦೦ದಲ್ಲಿ ಈಟಿವಿ ಕನ್ನಡ, ೨೦೦೬ರಲ್ಲಿ ಜೀ಼ ಕನ್ನಡ, ೨೦೦೭ರಲ್ಲಿ ಸುವರ್ಣ, ಹೀಗೆ ಖಾಸಗಿ ವಾಹಿನಿಗಳು ಒಂದರ ಹಿಂದೊಂದು ಬಂದವು. ಈ ನಡುವೆ ೧೯೯೮ರಲ್ಲಿ ಟಿ. ಎನ್. ಸೀತಾರಾಮರು ಸಂಗಡಿಗರೊಡನೆ ನಿರ್ದೇಶಿಸಿದ 'ಮಾಯಾಮೃಗ'ವು ದೂರದರ್ಶನದಲ್ಲಿ ದಿನನಿತ್ಯದ ಕನ್ನಡ ಧಾರಾವಾಹಿಗೆ ದೊಡ್ಡ ಹೆಸರನ್ನು ತಂದುಕೊಟ್ಟಿತು. ಅದರಲ್ಲಿಯೂ ಮನೆಮನೆಯ ಒಳಗುದಿಗಳಿದ್ದವು. ಆದರೆ ಜನರು ಅದನ್ನು ನೆನೆಯುವುದು ಅದರ ಪಾತ್ರಗಳಿಗಾಗಿ, ಮುಚ್ಚಿಟ್ಟ ಯಾವುದೋ ಒಂದು ಸಂಗತಿಗಾಗಿ ಅಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಕಥೆಯು ದಿನಕ್ಕೊಮ್ಮೆ ಬರತೊಡಗಿದುದೇ ಈ ಚರಿತ್ರೆಯ ದೊಡ್ಡ ತಿರುವು. ಏಕೆಂಬುದನ್ನು ಸ್ವಲ್ಪ ಲೆಕ್ಕಹಾಕಿ ನೋಡೋಣ.

ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಕಥೆಗೆ ಉಳಿಯುವುದು ಸುಮಾರು ೨೨ ನಿಮಿಷ. ವಾರಕ್ಕೆ ಐದು ದಿನವೆಂದರೆ ವರ್ಷಕ್ಕೆ ೨೬೦ ಕಂತು, ಸುಮಾರು ೯೫ ಗಂಟೆ. ಎರಡೂವರೆ ಗಂಟೆಯ ಚಲಚ್ಚಿತ್ರಗಳನ್ನು ಇಷ್ಟು ಹೊತ್ತಿನಲ್ಲಿ ೩೮ ತೋರಿಸಬಹುದು. ವರ್ಷಕ್ಕೆ ಮೂವತ್ತೆಂಟು ಚಿತ್ರಗಳ ಕಥೆಯನ್ನು ಒಂದೇ ಮನೆಯ ಹತ್ತು ಜನರಿಂದ ಹುಟ್ಟಿಸಬೇಕಾದವನ ಕಷ್ಟವನ್ನು ನಾವು ಅರಿಯದವರಲ್ಲ. ಇದರ ಮೇಲೆ, ಎಷ್ಟು ಮನೆಗಳಲ್ಲಿ ನೋಡಿದರೆಂಬುದನ್ನು ಆಯ್ದ ಮನೆಗಳಲ್ಲಿಟ್ಟ ಯಂತ್ರಗಳಿಂದ ವಾರವಾರವೂ ಅಳೆಯುವರು. ೨೦೧೫ರಿಂದ ಬಾರ್ಕ್ ಎಂಬ ಸಂಸ್ಥೆಯು ಈ ಕೆಲಸವನ್ನು ಮಾಡುತ್ತಿದೆ. ಅಂಕೆಯು ಏರಿದರೆ ಕಥೆಯನ್ನು ಮುಗಿಸುವಂತಿಲ್ಲ, ಇಳಿದರೆ ಮುಂದುವರಿಸುವಂತಿಲ್ಲ. ಆದುದರಿಂದ ಕಥೆ ಎಂದು ಮುಗಿಯುವುದೆಂಬುದು ಬರೆಯುವವನಿಗೇ ಗೊತ್ತಿರುವುದಿಲ್ಲ. ಇಂಥ ಸ್ಥಿತಿಯಲ್ಲಿ ಎಲ್ಲಕ್ಕಿಂತ ಅಗ್ಗದ ಸರಕೆಂದರೆ ಗುಟ್ಟು. ಹೊಸ ಘಟನೆಗೆ ಹೊಸ ಸ್ಥಳ ಬೇಕು, ಹೊಸ ನಟರು ಬೇಕು. ಹೇಳದಿರುವುದಕ್ಕೆ ಏನೂ ಬೇಡ. ಬಾಯಿ ತೆರೆದು ಮುಚ್ಚಿದರೆ ಒಂದು ವಾರ ಸಾಗಿತು.

ಈ ಎಳೆತವು ಕಥೆಯ ಸ್ವಭಾವದಿಂದ ಬಂದುದಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಶ್ರೀಮಂತನೊಬ್ಬನು, ಅವನ ತೀರಿಹೋದ ಮೊದಲ ಹೆಂಡತಿ, ಅವಳ ಸಾವಿನ ಹಿಂದಣ ಗುಟ್ಟು, ಅವನನ್ನು ಮೆಚ್ಚಿದ ಎಳೆಯ ಹುಡುಗಿ, ಇಷ್ಟನ್ನು ಹಿಡಿದು 'ತುಲಾ ಪಾಹತೇ ರೇ' ಎಂಬ ಮರಾಠಿ ಧಾರಾವಾಹಿಯು ೨೦೧೮ರ ಆಗಸ್ಟಿನಲ್ಲಿ ಆರಂಭವಾಗಿ ೨೦೧೯ರ ಜುಲೈಯಲ್ಲಿ ಮುಗಿಯಿತು. ಅದೇ ಕಥೆಯನ್ನು ಆಧರಿಸಿದ ಕನ್ನಡದ 'ಜೊತೆ ಜೊತೆಯಲಿ'ಯು ೨೦೧೯ರ ಸೆಪ್ಟೆಂಬರಿನಲ್ಲಿ ಆರಂಭವಾಗಿ ೨೦೨೩ರವರೆಗೆ ನಡೆಯಿತು. ಮರಾಠಿಯವರಿಗೆ ಒಂದು ವರ್ಷದೊಳಗೆ ಸಂದ ಕಥೆಯು ಕನ್ನಡಿಗರಿಗೆ ಮೂರು ವರ್ಷಕ್ಕೂ ಮಿಕ್ಕಿದ ಕಾಲವನ್ನು ತೆಗೆದುಕೊಂಡಿತು. ಈ ಅವಧಿಯಲ್ಲಿ ಮುಖ್ಯಪಾತ್ರದ ನಟರೇ ಬದಲಾದರು. ಕಥೆಯು ಜನಪ್ರಿಯವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಜನಪ್ರಿಯವಾದುದೇ ಅದು ಉದ್ದವಾದುದಕ್ಕೆ ಕಾರಣ.

ಹೊರದೇಶಗಳಲ್ಲಿಯೂ ಈ ದೂರು ಹಳೆಯದು. ಇಂಗ್ಲೆಂಡಿನ ಡಿಕನ್ಸನು ಎಡ್ವಿನ್ ಡ್ರೂಡನ ರಹಸ್ಯವನ್ನು ಹನ್ನೆರಡು ಕಂತುಗಳಲ್ಲಿ ಮುಗಿಸಲು ಯೋಜಿಸಿ, ಆರು ಕಂತುಗಳಿಗಾಗುವಷ್ಟು ಬರೆದು, ೧೮೭೦ರ ಜೂನಿನಲ್ಲಿ ತೀರಿಕೊಂಡನು. ಆ ರಹಸ್ಯವನ್ನು ಬಿಡಿಸಲು ಜನರು ಇಂದಿಗೂ ಯತ್ನಿಸುತ್ತಿದ್ದಾರೆ. ಸಾವಿನಿಂದ ಉಳಿದ ಗುಟ್ಟನ್ನು ಯಾರೂ ದೂರಲಿಲ್ಲ. ಅಮೆರಿಕದ 'ಡಲ್ಲಾಸ್' ಎಂಬ ಧಾರಾವಾಹಿಯಲ್ಲಿ ೧೯೮೦ರ ಮಾರ್ಚಿಯಲ್ಲಿ ಮುಖ್ಯಪಾತ್ರವೊಂದಕ್ಕೆ ಗುಂಡು ತಗುಲಿತು. ಹೊಡೆದವರಾರೆಂಬುದನ್ನು ಎಂಟು ತಿಂಗಳು ಕಾಯಿಸಿ ನವೆಂಬರಿನಲ್ಲಿ ತಿಳಿಸಿದರು, ಕೋಟ್ಯಂತರ ಜನ ನೋಡಿ ತೃಪ್ತರಾದರು. ೧೯೯೦ರಲ್ಲಿ 'ಟ್ವಿನ್ ಪೀಕ್ಸ್' ಎಂಬ ಕಥೆಯಲ್ಲಿ ಹುಡುಗಿಯೊಬ್ಬಳ ಕೊಲೆಗಾರನನ್ನು ವಾಹಿನಿಯವರ ಒತ್ತಾಯದಿಂದ ಆ ವರ್ಷವೇ ತೋರಿಸಬೇಕಾಯಿತು; ಗುಟ್ಟು ಹೋದಮೇಲೆ ನೋಡುವವರು ಕಡಿಮೆಯಾಗಿ, ಮರುವರ್ಷ ಧಾರಾವಾಹಿಯೇ ನಿಂತಿತು. ೨೦೦೪ರಲ್ಲಿ ಆರಂಭವಾದ 'ಲಾಸ್ಟ್' ಎಂಬ ಕಥೆಯಲ್ಲಿ ಗುಟ್ಟಿನ ಮೇಲೆ ಗುಟ್ಟು ಬೆಳೆದು ಪ್ರೇಕ್ಷಕರು ಬೇಸತ್ತಾಗ, ಇನ್ನು ೪೮ ಕಂತುಗಳಲ್ಲಿ, ೨೦೧೦ರಲ್ಲಿ ಮುಗಿಸುವೆವೆಂದು ೨೦೦೭ರಲ್ಲಿಯೇ ಘೋಷಿಸಿದರು. ಕೊನೆಯನ್ನು ನೋಡಿ ಅತೃಪ್ತರಾದವರು ಹಲವರಿದ್ದರೂ, ಗಡುವನ್ನು ಹೇಳಿ ಅದರಂತೆ ನಡೆದುದು ಒಂದು ಪಾಠವೇ ಸರಿ.

'ಟ್ವಿನ್ ಪೀಕ್ಸಿ'ನ ಉದಾಹರಣೆಯನ್ನು ಹಿಡಿದು, ಗುಟ್ಟು ಬಿಟ್ಟರೆ ಕಥೆ ಸಾಯುವುದೆಂದು ವಾಹಿನಿಗಳವರು ವಾದಿಸಬಹುದು. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಒಂದೇ ಗುಟ್ಟು ಕಥೆಯ ಪ್ರಾಣವೆಲ್ಲವಾಗಿದ್ದರೆ, ಆ ಕಥೆಯ ಆಯುಷ್ಯವೂ ಅಷ್ಟೇ ಎಂದು ಒಪ್ಪಿಕೊಳ್ಳಬೇಕಾಗುವುದು. ಬತ್ತಿ ತೀರುತ್ತಬಂದ ದೀಪವನ್ನು ಉರಿಸದೆ ಕತ್ತಲಲ್ಲಿ ಮುಚ್ಚಿಟ್ಟು, ಇದು ಇನ್ನೂ ಬೆಳಕು ಕೊಡುವುದೆಂದು ನಂಬಿಸುವುದು ನ್ಯಾಯವಲ್ಲ.

ಈ ಮಾತನ್ನು ಬರೆಯುತ್ತಿರುವಾಗ ನಮ್ಮ ಮಸ್ಕಿಯ ಬಂಡೆಯು ನೆನಪಿಗೆ ಬರುತ್ತದೆ. ಮುಚ್ಚಿದ್ದ ಹೆಸರೊಂದಕ್ಕಾಗಿ ವಿದ್ವಾಂಸರು ಎಪ್ಪತ್ತೆಂಟು ವರ್ಷ ಕಾದ ಚರಿತ್ರೆಯದು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮೀ ಲಿಪಿಯನ್ನು ಓದಿದಾಗ, ಭರತಖಂಡದ ಮೂಲೆಮೂಲೆಯ ಶಾಸನಗಳಲ್ಲಿ ದೇವಾನಾಂಪಿಯ ಪಿಯದಸಿ ಎಂಬ ದೊರೆಯು ಮಾತನಾಡುತ್ತಿರುವುದು ಕಂಡುಬಂದಿತು. ಈ ದೊರೆ ಯಾರು? ಸಿಂಹಳದ ಅರಸನಿರಬಹುದೆಂದು ಪ್ರಿನ್ಸೆಪ್ಪನು ಮೊದಲು ಊಹಿಸಿದನು. ಅದೇ ವರ್ಷ ಜಾರ್ಜ್ ಟರ್ನರನು ಸಿಂಹಳದ ಪಾಲಿಗ್ರಂಥಗಳನ್ನು ನೋಡಿ, ಪಿಯದಸ್ಸಿಯೆಂಬುದು ಚಂದ್ರಗುಪ್ತನ ಮೊಮ್ಮಗನಾದ ಅಶೋಕನ ಹೆಸರೆಂದು ತಿಳಿಸಿದನು. ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿದರು. ಆದರೆ ಅಶೋಕನೆಂಬ ಹೆಸರು ಯಾವ ಶಾಸನದಲ್ಲಿಯೂ ಸಿಕ್ಕಿರಲಿಲ್ಲ. ೧೯೧೫ರ ಜನವರಿಯಲ್ಲಿ, ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿಯ ಎಂಜಿನಿಯರನು, ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಮಸ್ಕಿಯ ಗುಡ್ಡದ ಬಂಡೆಯೊಂದರಲ್ಲಿ ಅಕ್ಷರಗಳನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಶಾಸನದ ಮೊದಲಲ್ಲಿಯೇ ದೇವಾನಾಂಪಿಯನಾದ ಅಶೋಕನೆಂಬ ಹೆಸರಿತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ತುಂಗಭದ್ರೆಯ ಆಚೆಯ ನಿಟ್ಟೂರು ಉದೆಗೊಳಗಳಲ್ಲಿಯೂ ಆ ಹೆಸರು ದೊರೆಯಿತು. ಮೊದಲು ಹೇಳಿದ್ದು ಮಾತ್ರ ನಮ್ಮ ಬಂಡೆ.

ಎಪ್ಪತ್ತೆಂಟು ವರ್ಷಗಳ ಈ ಕಾಯುವಿಕೆಯಲ್ಲಿ ಯಾರಿಗೂ ಮೋಸಹೋದೆವೆಂಬ ಭಾವನೆಯು ಬರಲಿಲ್ಲ. ಯಾರೂ ಬೇಕೆಂದು ಮುಚ್ಚಿಡಲಿಲ್ಲವೆಂಬುದು ಅದಕ್ಕೆ ಒಂದು ಕಾರಣ. ನಡುವೆ ಕಳೆದ ಕಾಲವು ಬರಿದಾಗಿರಲಿಲ್ಲವೆಂಬುದು ಇನ್ನೊಂದು. ಅಕ್ಷರಗಳು ತಿಳಿದವು, ದೊರೆಯ ಧರ್ಮವು ತಿಳಿಯಿತು, ಕಳಿಂಗದ ಯುದ್ಧವೂ ಅವನ ಪಶ್ಚಾತ್ತಾಪವೂ ತಿಳಿದವು, ಹೆಸರೊಂದು ಉಳಿದಿತ್ತು. ಪ್ರತಿಯೊಬ್ಬನೂ ಕಾದಷ್ಟಕ್ಕೆ ತಕ್ಕ ಫಲವನ್ನು ಪಡೆಯುತ್ತ ಬಂದನು. ಕಥೆ ಹೇಳುವವನೂ ಹೀಗೆ ನಡೆದುಕೊಂಡರೆ ಕೇಳುವವನು ಎಷ್ಟು ಕಾಲವಾದರೂ ಕಾಯುವನು. ಕೇಳುವವನನ್ನು ಗುಟ್ಟಿನೊಳಗೆ ಸೇರಿಸಿಕೊಳ್ಳಬೇಕು; ಅದಾಗದಿದ್ದರೆ ಗಡುವನ್ನಾದರೂ ಇಡಬೇಕು; ಅದೂ ಆಗದಿದ್ದರೆ ನಡುನಡುವೆ ಏನನ್ನಾದರೂ ಕೊಡುತ್ತಿರಬೇಕು. ಮೂರನ್ನೂ ಮಾಡದವನು ಇನ್ನೊಬ್ಬರ ಸಂಜೆಗಳನ್ನು ಸಾಲವಾಗಿ ತಂದು ತೀರಿಸದೆ ಹೋದವನಂತೆ.

ಕಳೆದ ನವರಾತ್ರಿಯಲ್ಲಿ ನಾನು ವಳಕಮದಿನ್ನಿಗೆ ಹೋಗಿದ್ದೆನು. ಆ ರಾತ್ರಿಯ ದೇವೀಪುರಾಣ ಮುಗಿದು ಆರತಿಯಾದಮೇಲೆ ಕೆಲವು ಹೆಂಗಸರು ಕಟ್ಟೆಯ ಮೇಲೆ ಕುಳಿತಿದ್ದರು. ಮಾತು ಹೇಗೋ ಆ ಹಳೆಯ ಧಾರಾವಾಹಿಯ ಕಡೆಗೆ ಹೊರಳಿತು. ಆ ಹುಡುಗನ ತಾಯಿ ಯಾರಿರಬಹುದೆಂದು ಒಬ್ಬಳು ಕೇಳಿದಳು. ನಮ್ಮ ವೃದ್ಧೆಯು ಸ್ವಲ್ಪವೂ ತಡೆಯದೆ, "ಮತ್ಯಾರು? ಆ ಅಡಿಗಿ ಮಾಡಾಕಿನ. ಮೊದಲನೇ ದಿನ ಅವಗ ಉಣ್ಣಾಕ ನೀಡುವಾಗ ಆಕಿ ಕೈ ನೋಡಿದ್ದೆ ನಾ. ಎಲ್ಲಾರಿಗೂ ಒಂದ ಸಲ ನೀಡಿದ್ಲು, ಅವಗ ಎರಡ ಸಲ ನೀಡಿದ್ಲು" ಎಂದರು. ಯಾರೂ ಅದನ್ನು ಅಲ್ಲಗಳೆಯಲಿಲ್ಲ. ಹೆಂಗಸರು ತಲೆದೂಗಿ, ನಾಳಿನ ಅಧ್ಯಾಯಕ್ಕೆ ಯಾರ ಮನೆಯಿಂದ ಪ್ರಸಾದವೆಂಬುದನ್ನು ಗೊತ್ತುಮಾಡಿಕೊಂಡು ಎದ್ದರು.